ಪಠ್ಯಾಧಾರಿತ ಪಾತ್ರಾಭಿನಯ ಕ್ರೀಡೆಗಳಲ್ಲಿ ಸ್ವಗತದ ಸಮಸ್ಯೆ

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಗಣಕಕ್ರೀಡೆಯಲ್ಲಿ ಚಿತ್ರಗಳಿರಲಿಲ್ಲ. ಅದರ ಲೋಕವೆಲ್ಲ ಅಕ್ಷರರೂಪದ್ದು. 1989ರ ‘ಟೈನಿಮಡ್’ನಿಂದ ಬೆಳೆದ ಪರಂಪರೆಯಲ್ಲಿ ಕಾಳಗಕ್ಕಿಂತ ಸಹಬರವಣಿಗೆ ಮುಖ್ಯವಾಯಿತು. ಅಲ್ಲಿ ಮಾತಿಗೆ ‘ಸೇ’, ಕ್ರಿಯೆಗೆ ‘ಪೋಸ್’ ಎಂಬ ಆಜ್ಞೆಗಳಿವೆ. ಪಾತ್ರದ ಮನೋಗತವನ್ನು ಎಲ್ಲಿ ಬರೆಯಬೇಕೆಂಬುದೇ ತೊಡಕಿನ ಪ್ರಶ್ನೆ.

ಧನಂಜಯನ ‘ದಶರೂಪಕ’ವು ರಂಗದ ಮಾತನ್ನು ಸರ್ವಶ್ರಾವ್ಯ, ನಿಯತಶ್ರಾವ್ಯ, ಅಶ್ರಾವ್ಯವೆಂದು ವಿಂಗಡಿಸುತ್ತದೆ, ಸ್ವಗತವು ಅಶ್ರಾವ್ಯ. ಆದರೆ ಸ್ವಗತವನ್ನು ಕೇಳುವ ಪ್ರೇಕ್ಷಕ ನಾಟಕದ ಹೊರಗಿರುತ್ತಾನೆ. ಈ ಕ್ರೀಡೆಗಳಲ್ಲಿ ಎದುರಿನ ಪಾತ್ರಧಾರಿಯೇ ಪ್ರೇಕ್ಷಕ. ‘ಅವಳು ನಸುನಕ್ಕು ಕುರ್ಚಿ ತೋರಿದಳು, ಈ ಮೂರ್ಖ ಯಾವಾಗ ಹೊರಡುವನೋ ಎಂದುಕೊಂಡಳು’ ಎಂದು ಒಬ್ಬರು ಬರೆದರೆ, ಇನ್ನೊಬ್ಬ ಆಟಗಾರ ಆ ನಿಂದೆಯನ್ನು ಓದುತ್ತಾನೆ, ಅವನ ಪಾತ್ರಕ್ಕೆ ಮಾತ್ರ ಅದು ತಿಳಿಯದು, ಉತ್ತರಿಸುವ ಅವಕಾಶವೂ ಇಲ್ಲ. ಇದನ್ನು ಆಟಗಾರರು ಅನ್ಯಾಯವೆಂದು ಬಗೆಯುವುದು ಸಹಜವೇ ಆಗಿದೆ.

‘ಪೆನ್‌ಮಷ್’ ತಂತ್ರಾಂಶದ ‘ಥಿಂಕ್’ ಆಜ್ಞೆ ಮತ್ತೊಂದು ತುದಿ. ಅದರಲ್ಲಿ ಬರೆದದ್ದು ಬರೆದವರಿಗಷ್ಟೇ ಕಾಣುತ್ತದೆ. ಅಕ್ಷರಶಃ ಅಶ್ರಾವ್ಯವಾದುದರಿಂದಲೇ ಅದು ಸಾಹಿತ್ಯದೃಷ್ಟಿಯಿಂದ ನಿಷ್ಫಲ. (ಅದು ಲೆಕ್ಕಾಚಾರಕ್ಕೆ ಬಳಕೆಯಾಗುವುದುಂಟು.)

ಇವೆರಡಕ್ಕಿಂತ ಫಲಪ್ರದವಾದುದು ಭಾವವನ್ನು ಹೆಸರಿಸದೆ ಅದರ ಅನುಭಾವಗಳನ್ನಷ್ಟೇ ಬರೆಯುವ ಮಾರ್ಗ. ‘ಒಂದು ಕೈಯಿಂದ ಕುರ್ಚಿ ತೋರಿದಳು; ಇನ್ನೊಂದು ಕೈ ಬಾಗಿಲ ಚಿಲಕವನ್ನು ಬಿಡಲಿಲ್ಲ’ ಎಂದಾಗ ಎದುರಿನ ಪಾತ್ರ ಅದನ್ನು ಗಮನಿಸಿ ಎದ್ದು ಹೋಗಬಹುದು; ಗಮನಿಸಿಯೂ ಗಮನಿಸದವನಂತೆ ಕುಳಿತುಕೊಳ್ಳಲೂಬಹುದು.