ಬೆಸುಗೆ ಗನ್ನಿಗೂ ಬೇಕು ಗುರುತಿನ ಚೀಟಿ

ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಮರಳುವ ಕಾರು ಸಾದಹಳ್ಳಿ ಟೋಲ್ ಗೇಟಿನಲ್ಲಿ ನಿಧಾನವಾಗುತ್ತದೆ. ತಲೆಯ ಮೇಲಿನ ಆಂಟೆನಾ 865 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊ ತರಂಗ ಸೂಸುತ್ತಿರುತ್ತದೆ. ಮುಂಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ಅದರೊಳಗಿನ ಚಿಪ್ಪು ಆ ತರಂಗದಿಂದಲೇ ಚೂರು ಶಕ್ತಿ ಹೀರಿಕೊಂಡು ಎಚ್ಚರವಾಗಿ, ತನ್ನ ಸಂಖ್ಯೆಯನ್ನು ಒಪ್ಪಿಸುತ್ತದೆ. ಅಡ್ಡಗಂಬ ಏಳುತ್ತದೆ. ಕಾರು ಹುಣಸಮಾರನಹಳ್ಳಿ ದಾಟುವ ಹೊತ್ತಿಗೆ ದುಡ್ಡು ಕಡಿತವಾದ ಸಂದೇಶ ಮೊಬೈಲಿಗೆ ಬಂದಿರುತ್ತದೆ. 2021ರ ಫೆಬ್ರುವರಿ ನಡುವಿನಲ್ಲಿ ಈ ಪಟ್ಟಿ ಕಡ್ಡಾಯವಾದ ಮೇಲೆ ನಾವು ಇದನ್ನು ಗಮನಿಸುವುದನ್ನೇ ಬಿಟ್ಟಿದ್ದೇವೆ.

ಆದರೆ ಒಂದು ಸಂಗತಿ ಗಮನಿಸುವಂಥದ್ದು. ಆ ಚಿಪ್ಪಿಗೆ ನಿಮ್ಮ ಖಾತೆಯಲ್ಲಿ ಎಷ್ಟು ಹಣವಿದೆ ಎಂಬುದು ಗೊತ್ತಿಲ್ಲ. ಎಷ್ಟು ಸಲ ಈ ಗೇಟು ದಾಟಿದ್ದೀರಿ ಎಂಬ ಲೆಕ್ಕವೆಲ್ಲ ಇರುವುದು ದೂರದ ಕಂಪ್ಯೂಟರುಗಳಲ್ಲಿ. ಪಟ್ಟಿಯ ಕೆಲಸ ಹೆಸರು ಹೇಳುವುದಷ್ಟೇ. ಚರಿತ್ರೆಯೆಲ್ಲ ಕಚೇರಿಯ ಕಡತದಲ್ಲಿ.

ಇದೇ ರಸ್ತೆಗುಂಟ ನಮ್ಮ ಮೆಟ್ರೊದ ನೀಲಿ ಮಾರ್ಗದ ಕಂಬಗಳು ಎದ್ದಿವೆ. ಮೆಟ್ರೊಗೆ 318 ಹೊಸ ಬೋಗಿಗಳನ್ನು ಕಟ್ಟಿಕೊಡುವ ಕೆಲಸ 2023ರಲ್ಲಿ ಬೆಂಗಳೂರಿನದೇ ಬಿಇಎಂಎಲ್‌ಗೆ ಸಿಕ್ಕಿತು. ಮೆಟ್ರೊ ಬೋಗಿಯ ಸ್ಟೇನ್‌ಲೆಸ್ ಸ್ಟೀಲ್ ಮೈಯಾಗಲಿ, ನಿಮ್ಮ ಕಾರಿನ ಉಕ್ಕಿನ ಮೈಯಾಗಲಿ, ತಗಡಿಗೆ ತಗಡು ಸೇರುವುದು ಹೆಚ್ಚಾಗಿ ಸ್ಪಾಟ್ ವೆಲ್ಡಿಂಗ್‌ನಿಂದ, ಅಂದರೆ ಚುಕ್ಕಿ ಬೆಸುಗೆಯಿಂದ. ಒಂದು ಕಾರಿನಲ್ಲೇ ಇಂಥ ಚುಕ್ಕಿಗಳು ಸಾವಿರಗಟ್ಟಲೆ ಇರುತ್ತವೆ. ಆ ಚುಕ್ಕಿ ಇಡುವ ಗನ್ನಿಗೂ ಈಗ ಫಾಸ್ಟ್ಯಾಗ್‌ನಂಥದೇ ಚಿಪ್ಪು ಬಂದಿದೆ. ವ್ಯತ್ಯಾಸ ಇಷ್ಟೇ: ಅದು ಬರೀ ಹೆಸರು ಹೇಳಿ ಸುಮ್ಮನಾಗುವುದಿಲ್ಲ.

ಗನ್ ಎಂದರೆ ದೊಡ್ಡ ಇಕ್ಕಳದಾಕಾರದ ಯಂತ್ರ. ಎರಡು ದವಡೆಗಳ ತುದಿಗೆ ತಾಮ್ರದ ಟಿಪ್‌ಗಳು. ಒಳಗೆ ನೀರು ಹರಿಯುತ್ತಿರುತ್ತದೆ, ಟಿಪ್ ತಾನೇ ಕರಗದಿರಲಿ ಎಂದು. ದವಡೆಗಳು ತಗಡುಗಳನ್ನು ಇನ್ನೂರು ಮುನ್ನೂರು ಕಿಲೊ ಭಾರದಷ್ಟು ಬಲದಲ್ಲಿ ಅದುಮಿ ಹಿಡಿಯುತ್ತವೆ. ಆಮೇಲೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು, ಹೆಚ್ಚುಕಡಿಮೆ ಹತ್ತು ಸಾವಿರ ಆಂಪಿಯರ್ ವಿದ್ಯುತ್ ಹರಿಯುತ್ತದೆ. ವೋಲ್ಟೇಜು ಮಾತ್ರ ಒಂದೆರಡು ವೋಲ್ಟ್, ಗೋಡೆ ಗಡಿಯಾರದ ಸೆಲ್ಲಿನಷ್ಟು. ತಗಡುಗಳು ಒಂದಕ್ಕೊಂದು ತಾಗುವಲ್ಲಿ ರೋಧ ಹೆಚ್ಚು, ಹಾಗಾಗಿ ಅಲ್ಲೇ ಕಾವು ಹುಟ್ಟಿ, ಐದಾರು ಮಿಲಿಮೀಟರ್ ಅಗಲದ ಬೊಟ್ಟು ಕರಗಿ ಮತ್ತೆ ಗಟ್ಟಿಯಾಗುತ್ತದೆ. ಕಡ್ಡಿಯಿಲ್ಲ, ಪುಡಿಯಿಲ್ಲ. ಅಮೆರಿಕದ ಎಲಿಹು ಥಾಮ್ಸನ್ 1880ರ ದಶಕದಲ್ಲಿ ಕಂಡುಕೊಂಡ ಈ ವಿಧಾನದ ಮೂಲಸೂತ್ರ ಇವತ್ತಿಗೂ ಬದಲಾಗಿಲ್ಲ.

ತೊಂದರೆ ಟಿಪ್‌ನಲ್ಲಿದೆ. ಬಡಿದೂ ಬಡಿದೂ ಅದು ಅಣಬೆಯ ತಲೆಯಂತೆ ಅಗಲವಾಗುತ್ತದೆ. ಸತು ಲೇಪಿಸಿದ ತಗಡಾದರೆ ಇನ್ನೂ ಬೇಗ, ಏಕೆಂದರೆ ಸತುವು ತಾಮ್ರದೊಂದಿಗೆ ಬೆರೆತು ಟಿಪ್‌ನ ಮೇಲೆ ಹಿತ್ತಾಳೆಯಾಗಿ ಕೂರುತ್ತದೆ. ಆರು ಮಿಲಿಮೀಟರ್ ಇದ್ದ ಮುಖ ಏಳಾಯಿತು ಎನ್ನಿ. ಒಂದೇ ಮಿಲಿಮೀಟರ್ ಅಲ್ಲವೇ ಎನ್ನಿಸಬಹುದು. ಆದರೆ ವಿಸ್ತೀರ್ಣ ನೂರಕ್ಕೆ 36ರಷ್ಟು ಹೆಚ್ಚುತ್ತದೆ, ವಿದ್ಯುತ್ತಿನ ಸಾಂದ್ರತೆ ಅಷ್ಟೇ ತೆಳುವಾಗುತ್ತದೆ, ಕಾವಂತೂ ಆ ಸಾಂದ್ರತೆಯ ವರ್ಗಕ್ಕೆ ಅನುಗುಣ. ಲೆಕ್ಕ ಹಾಕಿದರೆ ಪ್ರತಿ ಚದರ ಮಿಲಿಮೀಟರಿಗೆ ಸಿಗುವ ಕಾವು ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಹೊರಗಿನಿಂದ ಬೆಸುಗೆಯಾದಂತೆ ಕಾಣುತ್ತದೆ, ಒಳಗೆ ತಗಡುಗಳು ಬರೀ ಅಂಟಿಕೊಂಡಿರುತ್ತವೆ. ಇದಕ್ಕೇ ನೂರಾರು ಚುಕ್ಕಿಗಳಿಗೊಮ್ಮೆ ಟಿಪ್ ಡ್ರೆಸ್ಸಿಂಗ್ ಮಾಡಿ ಮುಖ ಹೆರೆಯುತ್ತಾರೆ. ನಡುವಿನ ಅವಧಿಯಲ್ಲಿ ಎಣಿಕೆ ನೋಡಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಆಂಪಿಯರ್ ಏರಿಸುತ್ತಾರೆ.

ಎಣಿಕೆ ನೋಡಿಕೊಂಡು ಎಂದೆನಲ್ಲ, ಆ ಎಣಿಕೆ ಎಲ್ಲಿರಬೇಕು? ಒಂದು ಯಂತ್ರಕ್ಕೆ ಒಂದೇ ಗನ್ ಇದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಈಗ ರೋಬೊ ತೋಳು ಒಂದು ಗನ್ನನ್ನು ಸ್ಟ್ಯಾಂಡಿನಲ್ಲಿಟ್ಟು ಇನ್ನೊಂದನ್ನು ತಾನೇ ತೊಟ್ಟುಕೊಳ್ಳುತ್ತದೆ. ಕೆಟ್ಟ ಗನ್ ರಿಪೇರಿ ಕೋಣೆಗೆ ಹೋಗುತ್ತದೆ, ವಾರದ ಮೇಲೆ ಬೇರೆ ರೋಬೊದ ಕೈಗೆ ಬರುತ್ತದೆ. ಆ ಹೊಸ ರೋಬೊಗೆ ಗನ್ನಿನ ತೂಕ ಗೊತ್ತಿರಬೇಕು, ಇಲ್ಲವಾದರೆ ತೋಳಿನ ಚಲನೆ ಅಳತೆ ತಪ್ಪುತ್ತದೆ. ಟಿಪ್ ಎಷ್ಟು ಸವೆದಿದೆ, ದವಡೆ ಎಷ್ಟು ಬಲ ತಾಳುತ್ತದೆ, ಟ್ರಾನ್ಸ್‌ಫಾರ್ಮರ್ ಯಾವುದು, ಕೊನೆಯ ಸಲ ಅಳತೆ ಸರಿಪಡಿಸಿದ್ದು ಯಾವಾಗ, ಇದೆಲ್ಲ ಬೇಕು. ಗರ್ಭಿಣಿ ಯಾವ ಆಸ್ಪತ್ರೆಗೆ ಹೋದರೂ ಕೈಯಲ್ಲಿ ತಾಯಿ ಕಾರ್ಡ್ ಹಿಡಿದಿರುವಂತೆ, ಗನ್ ತನ್ನ ಚರಿತ್ರೆಯನ್ನು ತಾನೇ ಹೊತ್ತು ತಿರುಗಿದರೆ ಒಳ್ಳೆಯದಲ್ಲವೇ ಎಂದು ಎಂಜಿನಿಯರುಗಳಿಗೆ ಹೊಳೆದದ್ದು ಹೀಗೆ.

ಮೊದಲ ಉಪಾಯ ತೀರಾ ಸರಳವಾಗಿತ್ತು. ಗನ್ ಮತ್ತು ತೋಳು ಕೂಡುವ ಕಡೆ ನಾಲ್ಕು ಪಿನ್ನು. ಕೆಲವನ್ನು ತಂತಿಯಿಂದ ಜೋಡಿಸುವುದು, ಕೆಲವನ್ನು ಹಾಗೇ ಬಿಡುವುದು. ನಾಲ್ಕು ಪಿನ್ನಿಗೆ ಹದಿನಾರು ಬಗೆಯ ಜೋಡಣೆ, ಅಂದರೆ ಹದಿನಾರು ಹೆಸರು. ಅದರಲ್ಲೂ ಯಾವ ಪಿನ್ನೂ ಜೋಡಿಸದಿರುವ ಬಗೆಯನ್ನು ಬಳಸುವಂತಿಲ್ಲ: ಗನ್ನೇ ಇಲ್ಲವೋ ಅಥವಾ ಗನ್ನಿನ ಹೆಸರೇ ಸೊನ್ನೆಯೋ ಎಂದು ಗೊಂದಲವಾಗುತ್ತದೆ. ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ಹೋಲ್ಡರಿನ ಮೇಲೆ ಪೇಂಟಿನಲ್ಲಿ ‘1’, ‘2’ ಎಂದು ಬರೆದಿಡುವುದಕ್ಕೂ ಇದಕ್ಕೂ ತಾತ್ವಿಕವಾಗಿ ಏನೂ ವ್ಯತ್ಯಾಸವಿಲ್ಲ. ಹೆಸರುಂಟು, ನೆನಪಿಲ್ಲ.

ನೆನಪು ಬೇಕೆಂದರೆ ಚಿಪ್ಪು ಬೇಕು. ಆದರೆ ಬೆಸುಗೆ ಗನ್ನಿನಷ್ಟು ಕೆಟ್ಟ ಜಾಗ ಚಿಪ್ಪಿಗೆ ಇನ್ನೊಂದು ಸಿಗಲಾರದು. ಕಾರಿನ ಪಟ್ಟಿಗೆ ಗಾಜಿನ ಆಸರೆಯಿದೆ, ಗಾಜು ರೇಡಿಯೊ ತರಂಗಕ್ಕೆ ಅಡ್ಡ ಬರುವುದಿಲ್ಲ. ಗನ್ ಪೂರ್ತಿ ಲೋಹ. ಓದುಗ ಸಾಧನದ ಕಾಂತಕ್ಷೇತ್ರ ಲೋಹಕ್ಕೆ ತಾಗಿದರೆ ಅದರೊಳಗೆ ಸುಳಿ ವಿದ್ಯುತ್ ಹುಟ್ಟಿ ಆ ಕ್ಷೇತ್ರವನ್ನೇ ಅಳಿಸಿಹಾಕುತ್ತದೆ. ಚಿಪ್ಪಿಗೆ ಶಕ್ತಿ ತಲುಪುವುದೇ ಇಲ್ಲ. ಅದಕ್ಕೆ ಇಲ್ಲಿ ಚಿಪ್ಪಿನ ಬೆನ್ನಿಗೆ ಫೆರೈಟ್ ಪದರ ಹಾಕಿ ಕ್ಷೇತ್ರ ಲೋಹದೊಳಕ್ಕೆ ನುಗ್ಗದಂತೆ ತಿರುಗಿಸುತ್ತಾರೆ. ಬಳಸುವ ಅಲೆಯೂ ಬೇರೆ, ಸಾಮಾನ್ಯವಾಗಿ 13.56 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಬಹಳ ಕಡಿಮೆ. ಓದುವ ದೂರ ಮೀಟರುಗಳಲ್ಲಲ್ಲ, ಮಿಲಿಮೀಟರ್ ಸೆಂಟಿಮೀಟರುಗಳಲ್ಲಿ. ಇದು ಕೊರತೆಯೇನಲ್ಲ: ಪಕ್ಕದ ಸ್ಟ್ಯಾಂಡಿನ ಗನ್ ತಾನೂ ಉತ್ತರ ಕೊಟ್ಟು ಎಡವಟ್ಟಾಗುವುದು ತಪ್ಪುತ್ತದೆ.

ಇನ್ನು ಗನ್ ಹುಟ್ಟಿಸುವ ಕಾಂತಕ್ಷೇತ್ರ. ಹತ್ತು ಸಾವಿರ ಆಂಪಿಯರ್ ಹರಿಯುವ ನೇರ ವಾಹಕದಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ, ಪಿಯುಸಿ ಭೌತಶಾಸ್ತ್ರದ ಸೂತ್ರ ಹಾಕಿದರೂ ಸಾಕು, 20 ಮಿಲಿಟೆಸ್ಲಾ ಬರುತ್ತದೆ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಐನೂರು ಪಟ್ಟು! ಹಳೆಯ ಕ್ಯಾಸೆಟ್ಟಿನಂತೆ ಕಾಂತದಿಂದ ನೆನಪಿಡುವ ಪದಾರ್ಥವನ್ನು ಅಲ್ಲಿಡುವ ಧೈರ್ಯ ಯಾರಿಗೂ ಬಾರದು. ಚಿಪ್ಪುಗಳ ನೆನಪು ವಿದ್ಯುದಾವೇಶದ್ದು, ಹಾಗಾಗಿ ಬಚಾವು. ಆದರೆ ಚಿಪ್ಪಿನ ಸುರುಳಿಯಲ್ಲಿ ಆ ಕ್ಷೇತ್ರ ಬೇಡದ ವೋಲ್ಟೇಜ್ ಹುಟ್ಟಿಸಬಲ್ಲದು, ಆದ್ದರಿಂದ ಬೆಸುಗೆ ನಡೆಯುವ ಕ್ಷಣದಲ್ಲಿ ಓದುವುದು ಬರೆಯುವುದು ಬೇಡ ಎಂಬುದು ಜಾಣತನ. ಮೇಲಿಂದ ಸಿಡಿಯುವ ಕರಗಿದ ಉಕ್ಕಿನ ಹನಿಗಳು ಬೇರೆ. ಅವು ಅಂಟದಂಥ ಲೇಪದ ಕವಚವೂ ಬೇಕು.

ಬರೆಯುವುದಕ್ಕೂ ಒಂದು ಮಿತಿಯಿದೆ. ಸಾಮಾನ್ಯ ಇಇಪ್ರಾಮ್ ಚಿಪ್ಪಿನ ಒಂದು ಜಾಗದಲ್ಲಿ ಸುಮಾರು ಒಂದು ಲಕ್ಷ ಸಲ ಬರೆದು ಅಳಿಸಬಹುದು. ಕೇಳಲು ದೊಡ್ಡ ಸಂಖ್ಯೆ. ಗನ್ ಮೂರು ಸೆಕೆಂಡಿಗೊಂದು ಚುಕ್ಕಿ ಇಡುತ್ತಾ ಎರಡು ಪಾಳಿ, ಹದಿನಾರು ಗಂಟೆ ದುಡಿದರೆ ದಿನಕ್ಕೆ 19,200 ಚುಕ್ಕಿ. ಪ್ರತಿ ಚುಕ್ಕಿಗೊಮ್ಮೆ ಎಣಿಕೆ ಬರೆದರೆ ಆರನೇ ದಿನ ಆ ಜಾಗದ ಆಯುಸ್ಸು ಮುಗಿಯಿತು. ಅದಕ್ಕೇ ಈ ಕೆಲಸಕ್ಕೆ ಎಫ್‌ರ್‍ಯಾಮ್ ಎಂಬ ಬೇರೆ ಜಾತಿಯ ಸ್ಮೃತಿ ಬಂತು. ಅದರ ಸ್ಫಟಿಕದಲ್ಲಿ ಪರಮಾಣುಗಳು ಆಚೆಗೋ ಈಚೆಗೋ ಒಂದಿಷ್ಟು ಸರಿದು ನಿಲ್ಲುವುದೇ ಸೊನ್ನೆ ಮತ್ತು ಒಂದು. ಸಾವಿರ ಕೋಟಿ ಸಲ ಬರೆದರೂ ಅದು ದಣಿಯುವುದಿಲ್ಲ. ನಮ್ಮ ಗನ್ನಿಗೆ ಸಾವಿರ ವರ್ಷಕ್ಕೂ ಮಿಕ್ಕಿ ಸಾಕು. ಕೈ ಬಿಗಿಹಿಡಿಯುವವರು ಇಇಪ್ರಾಮ್‌ನಲ್ಲೇ ಇನ್ನೊಂದು ದಾರಿ ಹಿಡಿಯುತ್ತಾರೆ: ಎಣಿಕೆಯನ್ನು ನಿಯಂತ್ರಕ ನೋಡಿಕೊಳ್ಳಲಿ, ಗನ್ ಕಳಚುವ ಮೊದಲು ಒಮ್ಮೆ ಮಾತ್ರ ಬರೆದರಾಯಿತು.

ಗುರುತಿಗೆ ಎಷ್ಟು ಜಾಗ ಬೇಕು? ಆಶ್ಚರ್ಯವಾಗುವಷ್ಟು ಕಡಿಮೆ. ಬಲ, ಕಂಪನ ಅಳೆಯುವ ಸಂವೇದಕಗಳು ತಮ್ಮ ಮೈಯಲ್ಲೇ ಗುರುತು ಇಟ್ಟುಕೊಳ್ಳಲೆಂದು 2004ರಲ್ಲಿ ಐಇಇಇ 1451.4 ಎಂಬ ಮಾನಕ ಬಂತು. ಅದರ ಮೂಲ ಗುರುತು ಬರೀ 64 ಬಿಟ್: ತಯಾರಕನಿಗೆ 14, ಮಾದರಿಗೆ 15, ಆವೃತ್ತಿಗೆ ಒಟ್ಟು 11, ಕ್ರಮಸಂಖ್ಯೆಗೆ 24. ಕನ್ನಡದಲ್ಲಿ ಒಂದು ಪುಟ್ಟ ಪದ ಬರೆಯಲು ಕಂಪ್ಯೂಟರಿಗೆ ಇದಕ್ಕಿಂತ ಹೆಚ್ಚು ಬಿಟ್ ಬೇಕಾಗುತ್ತದೆ. ಆ ಕೊನೆಯ 24 ಬಿಟ್ಟಿನಲ್ಲೇ ಒಂದೊಂದು ಮಾದರಿಗೆ ಒಂದು ಕೋಟಿ 67 ಲಕ್ಷ ಬೇರೆ ಬೇರೆ ಸಂಖ್ಯೆ ಕೊಡಬಹುದು.

ಹಾಗಾದರೆ ಕಷ್ಟ ಸಂಗ್ರಹದಲ್ಲಿಲ್ಲ, ಹಂಚಿಕೆಯಲ್ಲಿದೆ. ಚಿಪ್ಪಿನಲ್ಲಿ ಬರೆದದ್ದನ್ನು ಇನ್ನೊಬ್ಬರ ಯಂತ್ರ ಓದಿ ಅರ್ಥಮಾಡಿಕೊಳ್ಳಬೇಕಲ್ಲ? ಹದಿನಾರನೇ ಬೈಟ್ ಒಬ್ಬ ತಯಾರಕನಿಗೆ ತೂಕ, ಇನ್ನೊಬ್ಬನಿಗೆ ಎಣಿಕೆ. ಕೆಲವೊಮ್ಮೆ ಅರ್ಥವಾಗದಿರಲಿ ಎಂಬುದೇ ತಯಾರಕನ ಇಷ್ಟ. ಬೆಸುಗೆಯ ಸೋದರ ಕಸುಬಾದ ಪ್ಲಾಸ್ಮಾ ಕಟಿಂಗ್ ನೋಡಿ. ಅಮೆರಿಕದ ಹೈಪರ್‌ಥರ್ಮ್ ಕಂಪನಿ 2021ರಲ್ಲಿ ತಂದ ಪವರ್‌ಮ್ಯಾಕ್ಸ್ ಸಿಂಕ್ ಯಂತ್ರಗಳಲ್ಲಿ ಟಾರ್ಚಿನ ತುದಿಯ ಕಾರ್ಟ್ರಿಜ್‌ಗೇ ರೇಡಿಯೊ ಚಿಪ್ಪಿದೆ. ಅದನ್ನು ಸಿಕ್ಕಿಸಿದೊಡನೆ ಆಂಪಿಯರ್, ಗಾಳಿಯ ಒತ್ತಡ ಎಲ್ಲ ತಾನಾಗಿ ಹೊಂದಿಕೊಳ್ಳುತ್ತದೆ. ಎಷ್ಟು ಸಲ ಕಿಡಿ ಹೊತ್ತಿತು, ಎಷ್ಟು ಹೊತ್ತು ಉರಿಯಿತು ಎಂಬುದೂ ದಾಖಲಾಗುತ್ತದೆ. ಹೊಸಬನಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಯಾವುದೇ ಕಂಪನಿಯ ಚಿಪ್ಪು ಆ ಕಂಪನಿಯ ಯಂತ್ರಕ್ಕೆ ಮಾತ್ರ ಬಾಯಿ ಬಿಡುವುದಾದರೆ, ಬೇರೆ ಕಂಪನಿಯ ಶಾಯಿಯನ್ನು ಒಪ್ಪದ ಪ್ರಿಂಟರಿನ ಕತೆ ಬೆಸುಗೆಗೂ ಬರಲು ಹೊತ್ತು ಬೇಕಿಲ್ಲ. ಪೀಣ್ಯದ ಎರಡು ಶೆಡ್ಡಿನ ಮಾಲೀಕನಿಗೆ ಇದು ಸಣ್ಣ ಮಾತಲ್ಲ.

ಹಂಚಿಕೆ ಸರಿಯಾಗಿ ಆಗಿರುವ ಒಂದು ಕಡೆಯಿದೆ, ಅದೂ ಚಿಪ್ಪಿಲ್ಲದೆ. 2013ರಲ್ಲಿ ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲದ ದೊಡ್ಡ ಕೊಳವೆ ಬಂತು. ಅಲ್ಲಿಂದ ಅಡುಗೆಮನೆಗಳಿಗೆ ಅನಿಲ ಒಯ್ಯಲು ಗೇಲ್ ಗ್ಯಾಸ್ ಸಂಸ್ಥೆ ಊರ ರಸ್ತೆಬದಿಗಳನ್ನು ಅಗೆದು ಪಾಲಿಥೀನ್ ಕೊಳವೆ ಹೂಳುತ್ತಿದೆ. ಗುಂಡಿಯ ಅಂಚಿನಲ್ಲಿ ಒಂದು ಪೆಟ್ಟಿಗೆಯಂಥ ಯಂತ್ರ, ಅದರಿಂದ ಹೊರಟ ಎರಡು ದಪ್ಪ ತಂತಿ, ಕೊಳವೆಗಳ ತುದಿ ಸೇರುವಲ್ಲಿ ಗಿಡ್ಡ ತೋಳಿನಂಥ ಕಪ್ಲರ್. ಇದು ಎಲೆಕ್ಟ್ರೊಫ್ಯೂಷನ್, ಪ್ಲಾಸ್ಟಿಕ್ಕಿನ ಬೆಸುಗೆ. ಕಪ್ಲರಿನ ಒಳಮೈಯಲ್ಲಿ ತಂತಿಯ ಸುರುಳಿ ಅಡಗಿದೆ. ಸುಮಾರು 40 ವೋಲ್ಟ್ ಕೊಟ್ಟರೆ ಅದು ಕಾದು ಕಪ್ಲರನ್ನೂ ಕೊಳವೆಯನ್ನೂ ಕರಗಿಸಿ ಒಂದಾಗಿಸುತ್ತದೆ.

ಎಷ್ಟು ವೋಲ್ಟ್, ಎಷ್ಟು ಸೆಕೆಂಡು ಎಂದು ಯಂತ್ರಕ್ಕೆ ಹೇಳುವವರು ಯಾರು? ಕಪ್ಲರಿನ ಮೇಲಿನ ಬಾರ್‌ಕೋಡ್. ಅಂಗಡಿಯ ಬಿಸ್ಕತ್ತಿನ ಬಾರ್‌ಕೋಡ್ ಬೆಲೆಯನ್ನು ಹೇಳುವುದಿಲ್ಲ, ಬರೀ ಸಂಖ್ಯೆ ಹೇಳುತ್ತದೆ. ಬೆಲೆ ಗಲ್ಲಾಪೆಟ್ಟಿಗೆಯ ಕಂಪ್ಯೂಟರಿನಲ್ಲಿರುತ್ತದೆ. ಕಪ್ಲರಿನದು ಹಾಗಲ್ಲ. ಐಎಸ್‌ಒ 13950 ಮಾನಕದ ಈ 24 ಅಂಕಿಗಳಲ್ಲೇ ತಯಾರಕ, ಗಾತ್ರ, ವೋಲ್ಟೇಜು, ಸುರುಳಿಯ ರೋಧ, ಕಾಯಿಸುವ ಸಮಯ, ಬಿಸಿಲು ಚಳಿಗೆ ತಕ್ಕಂತೆ ಆ ಸಮಯವನ್ನು ಹಿಗ್ಗಿಸಿ ಕುಗ್ಗಿಸುವ ಲೆಕ್ಕ ಎಲ್ಲವೂ ಅಡಕ. ಯಂತ್ರ ಅದನ್ನು ಓದಿ, ಸುರುಳಿಯ ರೋಧವನ್ನು ತಾನೂ ಅಳೆದು ನೋಡುತ್ತದೆ. ಬರೆದದ್ದಕ್ಕೂ ಅಳೆದದ್ದಕ್ಕೂ ತಾಳೆಯಾಗದಿದ್ದರೆ ಬೆಸುಗೆ ಶುರುಮಾಡುವುದೇ ಇಲ್ಲ. ಚೀಟಿ ನೋಡಿ ನಂಬುವುದಿಲ್ಲ, ಮೈ ಮುಟ್ಟಿ ಪರೀಕ್ಷಿಸುತ್ತದೆ. ಕೆಸರಿನಲ್ಲಿ ಬಾರ್‌ಕೋಡ್ ಹಾಳಾಗಿದ್ದರೆ ಕೆಳಗೆ ಅಚ್ಚಾದ ಅಂಕಿಗಳನ್ನು ಕೈಯಿಂದ ಒತ್ತಬಹುದು. ಕೊನೆಯ ಅಂಕಿ ಉಳಿದ 23ರ ಲೆಕ್ಕದಿಂದ ಹುಟ್ಟಿದ್ದು, ಒಂದು ತಪ್ಪು ಒತ್ತಿದರೂ ಯಂತ್ರ ಹಿಡಿಯುತ್ತದೆ.

ಈ ಮಾನಕ ಬಹಿರಂಗ. ಒಂದು ಕಂಪನಿಯ ಕಪ್ಲರನ್ನು ಇನ್ನೊಂದು ಕಂಪನಿಯ ಯಂತ್ರ ಬೆಸೆಯುತ್ತದೆ. ಬೆಸುಗೆಗಾರನಿಗೂ ಒಂದು ಗುರುತಿನ ಕಾರ್ಡ್ ಉಂಟು, ಅದಕ್ಕೆ ಐಎಸ್‌ಒ 12176ರ ಮೂರನೇ ಭಾಗ. ಕಪ್ಲರಿನ ಮತ್ತು ಕೊಳವೆಯ ಹುಟ್ಟುಮೂಲ ಹೇಳುವ 26 ಅಕ್ಷರಗಳ ಇನ್ನೊಂದು ಬಾರ್‌ಕೋಡಿಗೆ ಅದರ ನಾಲ್ಕನೇ ಭಾಗ. ಯಾರು, ಯಾವಾಗ, ಯಾವ ತುಂಡಿಗೆ ಯಾವ ತುಂಡನ್ನು ಬೆಸೆದರು ಎಂಬುದು ಯಂತ್ರದ ನೆನಪಿನಲ್ಲಿ ಉಳಿದು ಆಮೇಲೆ ಕಚೇರಿಗೆ ಇಳಿಯುತ್ತದೆ. ಕಾಗದದ ಪಟ್ಟಿಯೊಂದು, ದುಬಾರಿ ಚಿಪ್ಪುಗಳ ಹಲವು ವ್ಯವಸ್ಥೆಗಳಿಗಿಂತ ಚೆನ್ನಾಗಿ ಈ ಕೆಲಸ ಮಾಡುತ್ತಿದೆ ಎಂದೇ ನನ್ನ ಅಭಿಪ್ರಾಯ. ಅದು ತನ್ನ ಸವೆತವನ್ನು ಬರೆದುಕೊಳ್ಳಲಾರದು, ನಿಜ. ಆದರೆ ಕಪ್ಲರ್ ಒಮ್ಮೆ ಬೆಸೆದರೆ ಮುಗಿಯಿತು, ಅದಕ್ಕೆ ಸವೆತದ ಚರಿತ್ರೆ ಬೇಕಿಲ್ಲ. ಗನ್ನಿಗೆ ಬೇಕು.

ಆ 24 ಅಂಕಿಗಳಿಗೆ ಒಂದು ವಿಷಯ ಮಾತ್ರ ತಿಳಿಯುವುದಿಲ್ಲ. ಬಿಸಿಲಿಗೆ ಬಿದ್ದಿದ್ದ ಕೊಳವೆಯ ಮೇಲ್ಪದರ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಕೆಟ್ಟಿರುತ್ತದೆ, ಅದನ್ನು ಹೆರೆದು ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಹೆರೆದಿದ್ದಾರೋ ಇಲ್ಲವೋ ಯಂತ್ರಕ್ಕೆ ಕಾಣದು. ಅದಕ್ಕೆ ಮೊದಲೇ ಮಾರ್ಕರ್ ಪೆನ್ನಿನಲ್ಲಿ ಕೊಳವೆಯ ಸುತ್ತ ಅಂಕುಡೊಂಕು ಗೆರೆ ಎಳೆಯುತ್ತಾರೆ, ಆಮೇಲೆ ಹೆರೆಯುತ್ತಾರೆ. ಎಲ್ಲಾದರೂ ಗೆರೆಯ ಚೂರು ಉಳಿದಿದ್ದರೆ ಮತ್ತೆ ಹೆರೆಯಬೇಕು.