ಕಲ್ಲಿನ ರಥದ ನೋಟು, ಮೈಸೂರಿನ ಶಾಯಿ

ವಿಜಯಪುರ ಜಿಲ್ಲೆಯ ಮಸೂತಿಯ ಕಿರಾಣಿ ಅಂಗಡಿಯಲ್ಲಿ ಚಿಲ್ಲರೆಯಾಗಿ ಕೈಸೇರುವ ನೀಲಿ ಐವತ್ತರ ನೋಟನ್ನು ಒಮ್ಮೆ ತಿರುಗಿಸಿ ನೋಡಬೇಕು. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡದ್ದು. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿ ಮೂಡುತ್ತಾರೆ, ಜೊತೆಗೆ 50 ಎಂಬ ಅಂಕಿಯೂ. ನೋಟಿನ ಸಂಖ್ಯೆಯ ಅಂಕಿಗಳು ಸಾಗಿದಂತೆ ದೊಡ್ಡದಾಗುತ್ತವೆ. ಸಂಗ್ರಾಹಕರು ಮೊದಲು ಕಣ್ಣಿಡುವುದೇ ಇಲ್ಲಿ.

2017ರ ಆಗಸ್ಟ್‌ನಲ್ಲಿ ಬಂದ ಈ ನೋಟಿನ ಮೇಲೆ ಇರುವುದು ಕರ್ನಾಟಕದ ಚಿತ್ರ. ಆದರೆ ಭಾರತದ ನೋಟಿಗೂ ಕರ್ನಾಟಕಕ್ಕೂ ಇರುವ ನಂಟು ಚಿತ್ರಕ್ಕಿಂತ ಆಳವಾದದ್ದು. ಹಿಂದೆ ನೋಟುಗಳು ನಾಸಿಕ್ ಮತ್ತು ದೇವಾಸ್‌ನಲ್ಲಿ ಮಾತ್ರ ಅಚ್ಚಾಗುತ್ತಿದ್ದವು. 1995ರಲ್ಲಿ ರಿಸರ್ವ್ ಬ್ಯಾಂಕ್ ತನ್ನದೇ ಮುದ್ರಣ ಕಂಪನಿ ಕಟ್ಟಿತು. ಅದರ ಎರಡು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನಲ್ಲಿ, ಇನ್ನೊಂದು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿ. ಬಳಿಕ ಮೈಸೂರಿನಲ್ಲೇ ನೋಟಿನ ಕಾಗದದ ಕಾರ್ಖಾನೆ ತಲೆಯೆತ್ತಿತು. ಈ ಕಾಗದ ಹತ್ತಿಯ ನಾರಿನದು. ಹತ್ತಿ ಬೆಳೆಯುವ ಎರೆಹೊಲದವರಿಗೆ ಈ ಮಾತು ವಿಶೇಷವಾಗಿ ಹಿತವೆನಿಸುತ್ತದೆ. 2022ರ ಮಾರ್ಚ್‌ನಲ್ಲಿ ‘ವರ್ಣಿಕಾ’ ಶಾಯಿ ಘಟಕವೂ ಅಲ್ಲೇ ಆರಂಭವಾಯಿತು.

ಪ್ಲಾಸ್ಟಿಕ್ ನೋಟೂ ಮೈಸೂರಿನ ಬಾಗಿಲಿಗೆ ಬರುವುದರಲ್ಲಿತ್ತು. ಹತ್ತು ರೂಪಾಯಿಯ ಪಾಲಿಮರ್ ನೋಟು ಪರೀಕ್ಷಿಸಲು ದಶಕದ ಹಿಂದೆ ಗುರುತಿಸಿದ್ದ ಐದು ನಗರಗಳಲ್ಲಿ ಮೈಸೂರೂ ಒಂದು. ಉಳಿದವು ಕೊಚ್ಚಿ, ಜೈಪುರ, ಶಿಮ್ಲಾ, ಭುವನೇಶ್ವರ. ನಾವು ಕಾಗದದಲ್ಲೇ ಉಳಿದೆವು. ಕೆರಿಬಿಯನ್ ದ್ವೀಪಗಳು ಮುಂದೆ ಹೋದವು: ಟ್ರಿನಿಡಾಡ್, ಬಾರ್ಬಡೋಸ್, ಜಮೈಕಾದ ನೋಟುಗಳು ಈಗ ಪಾಲಿಮರ್‌ನವು, ಅವುಗಳಲ್ಲಿ ಆರಪಾರ ಕಾಣುವ ಪಾರದರ್ಶಕ ಕಿಟಕಿಯಿದೆ. ಬಾರ್ಬಡೋಸ್‌ನ ಐದು ಡಾಲರ್ ನೋಟಿನಲ್ಲಿರುವುದು ಕ್ರಿಕೆಟಿಗ ಫ್ರಾಂಕ್ ವೊರೆಲ್. 1962ರಲ್ಲಿ ಅದೇ ದ್ವೀಪದಲ್ಲಿ ಚೆಂಡು ತಲೆಗೆ ಬಡಿದು ಸಾವಿನಂಚಿಗೆ ಹೋಗಿದ್ದ ಭಾರತ ತಂಡದ ನಾಯಕ ನಾರಿ ಕಾಂಟ್ರಾಕ್ಟರ್‌ಗೆ ರಕ್ತ ಕೊಟ್ಟವರು ಅವರು. ಭಾರತೀಯ ಸಂಗ್ರಾಹಕನ ಕಡತದಲ್ಲಿ ಆ ನೋಟಿಗೆ ಒಂದು ಜಾಗ ಇರಲೇಬೇಕು.

ಆದರೂ ನೋಟು ಸಂಗ್ರಹದ ಆರಂಭಕ್ಕೆ ದೂರ ಹೋಗಬೇಕಿಲ್ಲ. ಸಂಖ್ಯೆಯ ನಡುವೆ ನಕ್ಷತ್ರ ಚಿಹ್ನೆ ಇರುವ ನೋಟು ಸಿಕ್ಕರೆ ಹೆದರಬೇಡಿ; ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಕಟ್ಟಿಗೆ ಸೇರಿಸಿದ್ದು ಅದು. ಅದು ಅಸಲಿ ನೋಟೇ ಎಂದು 2023ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ. ಗರಿಗರಿ ಐವತ್ತರ ನೋಟೊಂದನ್ನು ಮಡಿಸದೆ, ಅದರ ಮೇಲೆ ಬರೆಯದೆ, ಪಿನ್ ಚುಚ್ಚದೆ ಇವತ್ತೇ ಎತ್ತಿಡಿ.