ಸೋಲಾರ್ ಹಾಕಿಸುವ ಮುನ್ನ ವಿಚಾರಿಸಬೇಕಾದ ಸಂಗತಿಗಳು

ಕೊಯ್ಲು ಮುಗಿದು ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ ಸೋಲಾರ್ ಹಾಕುವವರ ಪ್ರತಿನಿಧಿಗಳೂ ಊರಿಗೆ ಬರುತ್ತಾರೆ. "ಐದು ವರ್ಷದಲ್ಲಿ ಹಾಕಿದ ಹಣ ವಾಪಸು, ಆಮೇಲೆ ಇಪ್ಪತ್ತು ವರ್ಷ ಕರೆಂಟು ಬಿಟ್ಟಿ" ಎನ್ನುತ್ತಾರೆ. ಅವರು ಹೇಳುವುದೆಲ್ಲ ಸುಳ್ಳಲ್ಲ. ಫಲಕಗಳ ಬೆಲೆ ಹಿಂದಿಗಿಂತ ಬಹಳ ಇಳಿದಿದೆ. ಪಲ್ಪರ್, ಅಡಿಕೆ ಸುಲಿಯುವ ಯಂತ್ರ ಇಟ್ಟುಕೊಂಡ ಸಣ್ಣ ಬೆಳೆಗಾರರಿಗೂ ಇದು ಕೈಗೆಟುಕುವಂತಾಗಿದೆ. ಆದರೆ ಒಳ್ಳೆಯ ಫಲಕ ಕೊಳ್ಳುವುದು ಒಂದು ಮಾತು, ಒಳ್ಳೆಯ ಗುತ್ತಿಗೆದಾರರನ್ನು ಆರಿಸುವುದು ಇನ್ನೊಂದು ಮಾತು. ಸ್ಪ್ರೇಯರ್ ಕೆಟ್ಟದಾದರೆ ಮುಂದಿನ ವರ್ಷ ಬದಲಾಯಿಸಬಹುದು. ಸೋಲಾರಿಗೆ ಮಾಡಿದ ಸಾಲದ ಕಂತು ಯಂತ್ರ ನಿಂತರೂ ನಿಲ್ಲುವುದಿಲ್ಲ. ಆದುದರಿಂದ ಸದಸ್ಯ ಬಾಂಧವರು ಮುಂಗಡ ಕೊಡುವ ಮೊದಲು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಮೊದಲು ನಮ್ಮ ಲೆಕ್ಕ

ಪ್ರತಿನಿಧಿಯನ್ನು ಕರೆಸುವ ಮೊದಲು ಹಿಂದಿನ 12 ತಿಂಗಳ ಕರೆಂಟು ಬಿಲ್ಲುಗಳನ್ನು ಒಂದೆಡೆ ಸೇರಿಸಿಟ್ಟುಕೊಳ್ಳಬೇಕು. ಮನೆ, ಪಂಪ್‌ಸೆಟ್ಟು, ಕಣದ ಷೆಡ್ಡು ಇವುಗಳ ಮೀಟರು ಬೇರೆ ಬೇರೆ ಇದ್ದರೆ ಲೆಕ್ಕವೂ ಬೇರೆ ಬೇರೆಯೇ ಇರಲಿ. ಯಾವ ಯಂತ್ರ ಎಷ್ಟು ಎಚ್.ಪಿ., ವರ್ಷದಲ್ಲಿ ಎಷ್ಟು ದಿನ, ದಿನದ ಯಾವ ಹೊತ್ತಿನಲ್ಲಿ ಓಡುತ್ತದೆ ಎಂಬುದನ್ನು ಬರೆದಿಡಬೇಕು.

ಈ ಕೊನೆಯ ಅಂಶ ಮುಖ್ಯವಾದುದು. 5 ಎಚ್.ಪಿ. ಮೋಟಾರು 4 ಗಂಟೆ ಓಡಿದರೆ ಸುಮಾರು 17 ಯುನಿಟ್ ಬೇಕು. ಬಿಸಿಲಿರುವ ದಿನ 5 ಕಿಲೋವಾಟ್ ಸೋಲಾರ್ ಸುಮಾರು 20 ಯುನಿಟ್ ಕೊಡುತ್ತದೆ. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ಆ ದಿನದ ಹಣ್ಣನ್ನು ನಾವು ಪಲ್ಪ್ ಮಾಡುವುದು ಆಳುಗಳು ಕೊಯ್ದು ತಂದ ಮೇಲೆ, ಅಂದರೆ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ! ಅಡಿಕೆ ಸುಲಿಯುವ ಕೆಲಸವಾದರೆ ಹಗಲಿನಲ್ಲೇ ನಡೆಸಬಹುದು. ಇಷ್ಟಲ್ಲದೆ ಕಣದ ಯಂತ್ರಗಳಿಗೆ ಕೆಲಸವಿರುವುದು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಾತ್ರ. ಮಿಕ್ಕ ತಿಂಗಳುಗಳ ಕರೆಂಟು ಲೈನಿಗೆ ಹೋಗುತ್ತದೆ. ಅದಕ್ಕೆ ಎಷ್ಟು ದರ ಸಿಗುತ್ತದೆ, ನಿಮ್ಮ ಮೀಟರಿಗೆ ಯಾವ ವ್ಯವಸ್ಥೆ ಅನ್ವಯಿಸುತ್ತದೆ ಎಂಬುದನ್ನು ಮೆಸ್ಕಾಂ, ಹೆಸ್ಕಾಂ ಅಥವಾ ಚಾಮುಂಡೇಶ್ವರಿ ವಿದ್ಯುತ್ ನಿಗಮದ ಉಪವಿಭಾಗ ಕಚೇರಿಯಲ್ಲಿ ನೀವೇ ಕೇಳಿ ತಿಳಿಯಬೇಕು. ಹಣ ಐದು ವರ್ಷದಲ್ಲಿ ಹಿಂದಿರುಗುವುದೋ ಹನ್ನೆರಡು ವರ್ಷದಲ್ಲೋ ಎಂಬುದು ಬಹುಮಟ್ಟಿಗೆ ಈ ದರದ ಮೇಲೆ ನಿಂತಿದೆ.

ಇವನ್ನೆಲ್ಲ ತಾನಾಗಿ ಕೇಳುವ ಗುತ್ತಿಗೆದಾರನಿಗೆ ಕೆಲಸ ತಿಳಿದಿದೆ ಎನ್ನಬಹುದು. ಏನನ್ನೂ ಕೇಳದೆ "ಹತ್ತು ಕಿಲೋವಾಟ್ ಹಾಕಿಬಿಡಿ" ಎನ್ನುವವನಿಂದ ದೂರವಿರುವುದೇ ಲೇಸು.

ಜಾಗ ನೋಡದೆ ದರ ಹೇಳುವವರು

ಫೋನಿನಲ್ಲೇ ದರ ಹೇಳುವವರುಂಟು. ಪೇಟೆಯ ತಾರಸಿಗೆ ಅದು ನಡೆದೀತು, ನಮ್ಮ ತೋಟಗಳಿಗೆ ನಡೆಯದು. ಒಂದು ಕಿಲೋವಾಟಿಗೆ ಸುಮಾರು 100 ಚದರ ಅಡಿ ಜಾಗ ಬೇಕು, ಅದೂ ನೆರಳಿಲ್ಲದ ಜಾಗ. ಫಲಕಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ಒಂದೆರಡರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪತ್ತಿ ಕುಗ್ಗಬಹುದು.

ಇನ್ನೊಂದು ಸೂಕ್ಷ್ಮವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಆಗ ಮರಗಳ ನೆರಳು ಬುಡದಲ್ಲೇ ಇರುತ್ತದೆ. ನಮಗೆ ಕರೆಂಟು ಬೇಕಾದ ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ ಸರಿದಿರುತ್ತಾನೆ. 60 ಅಡಿ ಎತ್ತರದ ಸಿಲ್ವರ್ ಓಕ್ ಮರದ ನೆರಳು ಆಗ ನಡುಹಗಲಿನಲ್ಲೂ ಉತ್ತರಕ್ಕೆ ಸುಮಾರು 44 ಅಡಿ ಚಾಚುತ್ತದೆ. ಬೆಳಿಗ್ಗೆ ಸಂಜೆ ಇನ್ನೂ ಹೆಚ್ಚು. ಬೇಸಗೆಯಲ್ಲಿ ಬಂದು ನೋಡಿದವನು ಇದನ್ನು ಲೆಕ್ಕ ಹಾಕಿದ್ದಾನೆಯೇ ಎಂದು ಕೇಳಿರಿ. ಹಂಚಿನ ಮಾಡಿನ ಪಕಾಸಿಗಳು ಫಲಕದ ಭಾರವನ್ನೂ ಗಾಳಿಯ ಸೆಳೆತವನ್ನೂ ತಡೆಯುತ್ತವೆಯೇ, ಹಳೆಯ ಸಿಮೆಂಟ್ ಶೀಟಿನ ಮೇಲೆ ಕೆಲಸ ಮಾಡುವುದು ಹೇಗೆ ಎಂಬುದಕ್ಕೂ ಅವನಲ್ಲಿ ಉತ್ತರವಿರಬೇಕು.

ಕರೆಂಟು ಹೋದಾಗ ಏನು?

ಹೆಚ್ಚಿನವರು ಮೋಸಹೋಗುವುದು ಇಲ್ಲಿಯೇ. ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರು ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಕಡೆಯಿಂದ ಕರೆಂಟು ಹೊಡೆಯಬಾರದೆಂದು ಮಾಡಿದ ಏರ್ಪಾಡು ಅದು, ದೋಷವಲ್ಲ. ಆದರೆ ಹಾಡೇ ಹಗಲಿನಲ್ಲಿ ಬಿಸಿಲಿದ್ದೂ ಯಂತ್ರ ಓಡದಾಗಲೇ ಎಷ್ಟೋ ಮಂದಿಗೆ ಇದು ತಿಳಿಯುತ್ತದೆ. ಕರೆಂಟು ಹೋದಾಗಲೂ ಯಂತ್ರ ಓಡಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆ ಬೇಕು, ಅದಕ್ಕೆ ಖರ್ಚು ಹೆಚ್ಚು. ಮೋಟಾರು ಹೊರಡುವಾಗ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಐದಾರು ಪಟ್ಟು ಇರುವುದರಿಂದ ಇನ್ವರ್ಟರಿನ ಶಕ್ತಿಯನ್ನೂ ಅದಕ್ಕೆ ತಕ್ಕಂತೆ ಆರಿಸಬೇಕು. ಯಾವ ಬಗೆಯದನ್ನು ಹಾಕುತ್ತಿದ್ದಾರೆ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಬೇಕು.

ಕೊಟೇಶನ್ನಿನಲ್ಲಿ ಇರಬೇಕಾದುದು

ಮೂವರಿಂದಾದರೂ ಲಿಖಿತ ಕೊಟೇಶನ್ ಪಡೆಯಿರಿ. "ಸೋಲಾರ್ ಒಂದು ಸೆಟ್ಟು, ಇಷ್ಟು ರೂಪಾಯಿ" ಎಂದು ಬರೆದುಕೊಟ್ಟರೆ ಅದು ಕೊಟೇಶನ್ ಅಲ್ಲ. ಅದರಲ್ಲಿ ಈ ವಿವರಗಳಿರಬೇಕು:

(1) ಫಲಕದ ತಯಾರಕರು, ಮಾದರಿ, ವಾಟ್, ಸಂಖ್ಯೆ. ಕೇಂದ್ರ ಸರ್ಕಾರದ ಅನುಮೋದಿತ ತಯಾರಕರ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂಬುದು.
(2) ಇನ್ವರ್ಟರಿನ ತಯಾರಕರು, ಮಾದರಿ, ಶಕ್ತಿ.
(3) ಚೌಕಟ್ಟಿನ ಕಬ್ಬಿಣಕ್ಕೆ ಕಾಯಿಸಿದ ಸತುವಿನಲ್ಲಿ ಅದ್ದಿದ ಲೇಪವೋ, ಬರೀ ಬಣ್ಣವೋ. ನಮ್ಮ ಮಳೆಯಲ್ಲಿ ಬಣ್ಣ ಬಳಿದ ಕಬ್ಬಿಣ ಬಹುಕಾಲ ಬಾಳದು.
(4) ಅರ್ಥಿಂಗ್, ಸಿಡಿಲು ತಡೆ ಮತ್ತು ಸರ್ಜ್ ತಡೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಯನ್ನು ಕಂಡ ನಮಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಅಗ್ಗದ ಕೊಟೇಶನ್ನುಗಳಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.
(5) ವಿದ್ಯುತ್ ನಿಗಮದ ಅರ್ಜಿ, ಮೀಟರು, ತಪಾಸಣೆ ಇವುಗಳ ಹೊಣೆ ಮತ್ತು ಖರ್ಚು ಯಾರದು ಎಂಬುದು.
(6) ಗ್ಯಾರಂಟಿ. ಫಲಕಕ್ಕೆ 25 ವರ್ಷ ಎನ್ನುವುದು ಸಾಮಾನ್ಯವಾಗಿ ಉತ್ಪತ್ತಿಯ ಮಟ್ಟದ ಬಗ್ಗೆ ತಯಾರಕರು ಕೊಡುವ ಮಾತು. ಇನ್ವರ್ಟರಿಗೆ ಅವಧಿ ಅದಕ್ಕಿಂತ ಬಹಳ ಕಡಿಮೆ. ಜೋಡಣೆಯ ಕೆಲಸಕ್ಕೆ ಗುತ್ತಿಗೆದಾರನ ಗ್ಯಾರಂಟಿ ಬೇರೆಯೇ ಇರಬೇಕು.

ಸಬ್ಸಿಡಿಯ ಮಾತು

"ಸಬ್ಸಿಡಿ ಮಾಡಿಸಿಕೊಡುತ್ತೇವೆ" ಎಂಬ ಮಾತಿಗೆ ಮರುಳಾಗಬಾರದು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ವಾಸದ ಮನೆಗಳ ಸಂಪರ್ಕಕ್ಕಾಗಿ ಇರುವುದು. ಪಲ್ಪಿಂಗ್ ಷೆಡ್ಡಿಗೆ, ಗೋದಾಮಿಗೆ, ಅಂಗಡಿಗೆ ಅಲ್ಲ. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯಲ್ಲಿ ರೈತರಿಗೆ ಸೋಲಾರ್ ಪಂಪಿಗೆ ನೆರವು ಕೊಟ್ಟರು. ಸುಲಿಯುವ ಯಂತ್ರಕ್ಕೆ ಅದು ಸಲ್ಲದು. ಷೆಡ್ಡಿನ ಸೋಲಾರನ್ನು ಮನೆಯ ಹೆಸರಿನಲ್ಲಿ ತೋರಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮುಂದೆ ತಪಾಸಣೆಯಾದರೆ ಉತ್ತರ ಕೊಡಬೇಕಾದವರು ನೀವು, ಅವನಲ್ಲ.

ಹಣ ಕೊಡುವ ಕ್ರಮ

ಪೂರ್ತಿ ಹಣವನ್ನು ಮೊದಲೇ ಕೊಡಕೂಡದು. ಒಪ್ಪಂದಕ್ಕೆ ಸ್ವಲ್ಪ, ಸಾಮಾನು ಬಂದು ಕೊಟೇಶನ್ನಿನಲ್ಲಿದ್ದ ಮಾದರಿಯೇ ಹೌದೆಂದು ನೋಡಿದ ಮೇಲೆ ಸ್ವಲ್ಪ, ಜೋಡಣೆಯಾದ ಮೇಲೆ ಸ್ವಲ್ಪ ಎಂದು ಕಂತು ಮಾಡಿರಿ. ನೂರಕ್ಕೆ ಹತ್ತರಷ್ಟನ್ನಾದರೂ ಮೀಟರು ಕೂತು ಕರೆಂಟು ಹರಿಯುವವರೆಗೆ ಉಳಿಸಿಕೊಳ್ಳಿ. ಪಕ್ಕಾ ಬಿಲ್ಲು ಪಡೆಯಿರಿ. ಬಿಲ್ಲಿಲ್ಲದ ಫಲಕಕ್ಕೆ ಗ್ಯಾರಂಟಿ ಕೇಳುವುದು ಕಷ್ಟ.

ಹಳೆಯ ಕೆಲಸವನ್ನು ನೋಡಿರಿ

ಗುತ್ತಿಗೆದಾರನು ತೋರಿಸುವ ಹೊಸ ಕೆಲಸ ಹೇಗೂ ಹೊಳೆಯುತ್ತಿರುತ್ತದೆ. ನಾಲ್ಕು ಮಳೆಗಾಲ ಕಂಡ ಕೆಲಸವೊಂದನ್ನು ತೋರಿಸಲು ಹೇಳಿ. ಅಲ್ಲಿಗೆ ಅವನನ್ನು ಬಿಟ್ಟು ನೀವೇ ಹೋಗಿ. ಬೋಲ್ಟು ತುಕ್ಕು ಹಿಡಿದಿದೆಯೇ, ವೈರನ್ನು ಇಲಿ ಕಡಿದಿದೆಯೇ, ಫಲಕದ ಅಂಚಿನಲ್ಲಿ ಪಾಚಿ ಕಟ್ಟಿದೆಯೇ ನೋಡಿ. ಕೊನೆಯಲ್ಲಿ ಆ ಮನೆಯವರನ್ನು ಒಂದು ಮಾತು ಕೇಳಿ: "ಕೆಟ್ಟಾಗ ಎಷ್ಟು ದಿನದಲ್ಲಿ ಬಂದರು?" ನಮ್ಮ ಅಭಿಪ್ರಾಯದಲ್ಲಿ ಉಳಿದೆಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು.

ಕರ್ನಾಟಕದ ಹಳ್ಳಿಗಳಿಗೆ ಇದು ಹೊಸ ಪಾಠವೇನಲ್ಲ. 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಹಳ್ಳಿಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿತು. ಬ್ಯಾಂಕಿನ ಸಾಲದ ಜತೆಗೆ ಮನೆಬಾಗಿಲಿನ ರಿಪೇರಿ ಸೇವೆಯನ್ನೂ ಅದು ಜೋಡಿಸಿತ್ತು. ಸಂಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂಥವರಲ್ಲೇ ಕೊಳ್ಳಿರಿ ಎಂದು ನಾವು ಹೇಳುತ್ತಿಲ್ಲ. ದೀಪ ಉರಿಯುತ್ತಿರಬೇಕಾದರೆ ರಿಪೇರಿಯವನು ಹತ್ತಿರದಲ್ಲಿರಬೇಕು ಎಂಬುದಷ್ಟೇ ನಮ್ಮ ಮಾತು.

ಒಂದು ಊರಿನ ನಾಲ್ಕಾರು ಸದಸ್ಯರು ಕೂಡಿ ಒಬ್ಬನೇ ಗುತ್ತಿಗೆದಾರನೊಡನೆ ಮಾತಾಡಿದರೆ ದರವೂ ಇಳಿಯುತ್ತದೆ. ಒಬ್ಬರ ಮನೆಗೆ ರಿಪೇರಿಗೆ ಬಂದವನು ನಾಲ್ವರದನ್ನೂ ನೋಡಿ ಹೋಗುತ್ತಾನೆ. ಒಬ್ಬೊಬ್ಬರೇ ದನಿಯೆತ್ತಿದರೆ ಕೇಳದವರು ನಾಲ್ವರು ಕೂಡಿದಾಗ ಕೇಳುತ್ತಾರೆ. ಸಹಕಾರಿಗಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಟೇಶನ್ ಪಡೆದ ಸದಸ್ಯರು ಅದನ್ನು ಪಕ್ಕದ ತೋಟದವರಿಗೂ ತೋರಿಸಿ, ಎರಡು ದಿನ ಯೋಚಿಸಿ, ಆಮೇಲೆ ಮುಂಗಡ ಕೊಡಲಿ.